ಹೊಸ್ತಿಲಾಚೆಯ ಕಾಗದಗಳು

ನನ್ನ ಗಂಡ ಸುನೀಲ್‌ಕುಮಾರ್ ತೀರಿಕೊಂಡ ಇಪ್ಪತ್ತನೇ ದಿನ, ನಗರಗೆರೆಯ ನಮ್ಮ ಮನೆ ಮುಂದೆ ಒಬ್ಬ ಮುದುಕರು ಬಂದು ನಿಂತರು. ಕೈಯಲ್ಲಿ ಅವನ ತಿಥಿಯ ಕಾರ್ಡಿತ್ತು.

"ಇದ್ರಲ್ಲಿ ಹೆಂಡ್ತಿ ಹೆಸರಿಲ್ಲ ಕಣಮ್ಮ. ಇದಾರಾ, ಇಲ್ವಾ ಅಂತ ಕೇಳಣ ಅಂತ ಬಂದೆ."

"ಇದೀನಿ" ಎಂದೆ. ಹೇಳಿದ ಮೇಲೂ ಅದು ನಿಜ ಅನ್ನಿಸಲಿಲ್ಲ. ಆಗೆಲ್ಲ ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿದ್ದರೂ ನೋಡುತ್ತ ನಿಂತಿರುತ್ತಿದ್ದೆ. ಅಳು ಅಂತೂ ಬಂದಿರಲೇ ಇಲ್ಲ.

ಆ ಕಾರ್ಡನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಸಾವಿನ ಕಾರ್ಡನ್ನು ನಮ್ಮಲ್ಲಿ ಒಳಗೆ ಇಟ್ಟುಕೊಳ್ಳುವುದಿಲ್ಲ. ಓದಿ, ಹರಿದು, ಬಾಗಿಲಾಚೆಯೇ ಎಸೆಯುತ್ತಾರೆ. ಹಂಚಿ ಮಿಕ್ಕಿದ್ದನ್ನೆಲ್ಲ ಅತ್ತೆ ಕದಿರಮ್ಮ ಒಲೆಗೆ ಹಾಕಿದ್ದರು. 'ದುಃಖತಪ್ತರು' ಎಂಬುದರ ಕೆಳಗೆ ಇಪ್ಪತ್ತನಾಲ್ಕು ಹೆಸರು. ದೊಡ್ಡಪ್ಪ, ಚಿಕ್ಕಪ್ಪಂದಿರು, ಅಳಿಯಂದಿರು, ಪಂಚಾಯ್ತಿ ಮೆಂಬರು, ಗೆಳೆಯರ ಬಳಗ. ನಾನಿಲ್ಲ. ಬರೆಸಿದವನು ಮೈದುನ ವೇಣು. ಅವನಿಗೆ ನಾನು ಅತ್ತಿಗೆ, ಅತ್ತೆಗೆ ನಾನು 'ಏನಮ್ಮ'. ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಹೆಸರು ಕರೆಯುತ್ತಿದ್ದವನು ಸುನೀಲ ಒಬ್ಬನೇ. ಪ್ರೆಸ್ಸಿನವನು ಹೆಸರು ಹೇಳಿ ಎಂದಾಗ ಯಾರ ಬಾಯಿಗೂ ನನ್ನದು ಬಂದಿಲ್ಲ, ಅಷ್ಟೇ. ಬೇಕೆಂದು ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಮುದುಕರ ಹೆಸರು ಮುನಿಗಂಗಪ್ಪ. ಈ ಕಡೆಯ ಹಳ್ಳಿಗಳಿಗೆಲ್ಲ ಪೋಸ್ಟ್‌ಮನ್ ಆಗಿದ್ದವರು, ಈಗ ಗೌರಿಬಿದನೂರಿನಲ್ಲಿದ್ದಾರೆ. ನಾನು ಅಲ್ಲೇ ಶಾಲೆಯೊಂದರಲ್ಲಿ ಗಣಿತದ ಮೇಡಂ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಯಾಕೆಂದು ಗೊತ್ತಿಲ್ಲದೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್. ಗೋಡೆಯುದ್ದಕ್ಕೂ ಟ್ರಂಕುಗಳು, ಒಳಗೆ ನಲವತ್ತೊಂದು ವರ್ಷದ ಸಾವಿನ ಕಾರ್ಡುಗಳು, ಊರುವಾರು ಕಟ್ಟಿಟ್ಟದ್ದು. ಈಗಲೂ ಹಳ್ಳಿಗಳ ಪರಿಚಯದವರು ತಂದುಕೊಡುತ್ತಾರಂತೆ.

"ಓದಕ್ ಬರದೋರ ಮನೆ ಮುಂದೆ ನಾನೇ ಓದಿ ಹೇಳ್ತಿದ್ದೆ. ಒಳಗೆ ತರಬೇಡ, ಅಲ್ಲೇ ಹರಿದಾಕು ಅನ್ನೋರು. ನನ್ನನ್ನೂ ಒಳಗೆ ಕರೀತಿರ್ಲಿಲ್ಲ ಅನ್ನು. ನಾನೂ ಆ ಕಾಗದಾನೂ ಹೊಸ್ತಿಲಾಚೆಯವ್ರೇ. ಹೆಂಗಮ್ಮ ಹರಿಯೋದು?"

ಆಮೇಲೆ ಪ್ರತಿ ಶನಿವಾರ ಹೋದೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗುತ್ತಿತ್ತು, ನಾನು ಓದುತ್ತಿದ್ದೆ. ಒದ್ದೆ ಕೈಯಲ್ಲಿ ಕಾರ್ಡು ಮುಟ್ಟಿದರೆ ಬೈಯುತ್ತಿದ್ದರು. ಅಂಚಿನ ಬಳ್ಳಿಯನ್ನು ಬೆರಳಲ್ಲಿ ಸವರಿ, ಇದು ಚಿಂತಾಮಣಿ ಪ್ರೆಸ್ಸಿನದು, ಇದು ಶಿಡ್ಲಘಟ್ಟದ್ದು ಎನ್ನುತ್ತಿದ್ದರು. ಊರಲ್ಲಿ ಸತ್ತವರನ್ನೆಲ್ಲ ಹೀಗೆ ಮುದ್ದು ಮಾಡುವ ಮನುಷ್ಯನನ್ನು ನಾನು ನೋಡಿರಲಿಲ್ಲ.

ಒಂದು ಸಲ ಕೇಳಿಯೇ ಬಿಟ್ಟೆ. "ತಾತ, ಸುನೀಲನ ಕಾರ್ಡಲ್ಲಿ ನನ್ನ ಹೆಸರು ಬರೀಲಾ?"

"ಬಂದಂಗೇ ಇರ್ಬೇಕು!" ಗದರಿದರು. "ನಲವತ್ತೊಂದು ವರ್ಷದಲ್ಲಿ ಒಂದ್ರ ಮೇಲೂ ಪೆನ್ನು ಇಟ್ಟಿಲ್ಲ. ತಿದ್ದಿದ್ರೆ ಸುಳ್ಳಾಗ್ತದೆ."

ನಾನು ಮತ್ತೆ ಕೇಳಲಿಲ್ಲ. ಬೇಕಿದ್ದುದು ಅದೊಂದೇ, ಅದೂ ಹೋಯಿತು ಅಂದುಕೊಂಡೆ. ಆದರೂ ಮುಂದಿನ ಶನಿವಾರ ಕಾಲು ಅಲ್ಲಿಗೇ ನಡೆಯಿತು.

ಸುನೀಲ ಹೋದ ಒಂಬತ್ತನೇ ತಿಂಗಳಲ್ಲಿ ಡಾಕ್ಟರು ಇನ್ನು ಕಣ್ಣು ಬರುವುದಿಲ್ಲ ಎಂದರಂತೆ. ಆ ಶನಿವಾರ ಮುನಿಗಂಗಪ್ಪ ತಾವೇ ತಡಕಾಡಿ ನಗರಗೆರೆಯ ಕಟ್ಟು ತೆಗೆದು, ಮೇಲಿದ್ದ ಸುನೀಲನ ಕಾರ್ಡನ್ನು ನನ್ನ ಕೈಗಿಟ್ಟರು. ನಾನು ಇಪ್ಪತ್ತನಾಲ್ಕು ಹೆಸರನ್ನೂ ಹಾಜರಿ ಕರೆದಂತೆ ಓದಿದೆ.

"ಮುಂದೆ ಓದು" ಎಂದರು.

"ಮುಗೀತು ತಾತ."

"ಮುಗಿದಿಲ್ಲ. ನನ್ ಜೇಬಲ್ಲಿ ಪೆನ್ನೈತೆ, ತಗೋ."

"ತಿದ್ದಿದ್ರೆ ಸುಳ್ಳಾಗ್ತದೆ ಅಂದಿದ್ರಿ."

"ಸುಳ್ಳಾಗೇ ಬಂದಿತ್ತು ಕಣಮ್ಮ, ಇದೊಂದು. ಬರಿ."

ಬರೆದೆ. ಅಕ್ಷರ ಸೊಟ್ಟಗಾಯಿತು.

"ಈಗ ಓದು."

"ಶಿರೀಷಾ" ಎಂದೆ. "ಹೆಂಡತಿ" ಎನ್ನುವಷ್ಟರಲ್ಲಿ ದನಿ ಒಡೆಯಿತು. ಒಂಬತ್ತು ತಿಂಗಳಿಂದ ಬಾರದ ಅಳು ಬಿಕ್ಕಿ ಬಿಕ್ಕಿ ಬಂತು.

ಮುನಿಗಂಗಪ್ಪ ಗಾಬರಿಯಿಂದ ಕೈ ಚಾಚಿದರು.

"ಅತ್ಕೋ ತಾಯಿ, ಎಷ್ಟು ಬೇಕೋ ಅಷ್ಟು ಅತ್ಕೋ. ಕಾರ್ಡು ಮಾತ್ರ ಇಲ್ಲಿ ಕೊಡು, ನೆಂದೋಗ್ತದೆ."