ಸುಳ್ಳು ಸೊಂಟ

ಮದಾರಸಾಬನಿಗೆ ಸೈಕಲ್ ತುಳಿದು ಹತ್ತು ಕಿಲೋಮೀಟರ್ ದೂರದ ಗಿಣಿಗೇರಾಕ್ಕೆ ಹೋಗಿಬರಲು ಆಗುತ್ತಿತ್ತು. ಆದರೆ ಅಂಗಡಿಯಿಂದ ಮಸೀದಿಯವರೆಗೆ ನಡೆಯಲು ಆಗುತ್ತಿರಲಿಲ್ಲ. ಇಡೀ ಜಗಳ ಹುಟ್ಟಿದ್ದೇ ಇಲ್ಲಿಂದ.

ಕೊಪ್ಪಳದ ಹಳೆಯ ಪೇಟೆಯಲ್ಲಿ ಅವನಿಗೂ ಅವನ ತಮ್ಮ ಶಬ್ಬೀರಸಾಬನಿಗೂ ಸೇರಿ ಒಂದೇ ಗಾದಿ ಅಂಗಡಿ. ಹತ್ತಿ ಹಿಂಜುವುದು, ತುಂಬುವುದು, ಹೊಲಿಯುವುದು, ತಯಾರಾದ ಗಾದಿ ಸುತ್ತಿ ಹೊತ್ತು ಗಾಡಿಗೆ ಹಾಕುವುದು, ಹೀಗೆ ಮೂವತ್ತು ವರ್ಷ ಇಬ್ಬರೂ ಸಮಸಮ ದುಡಿದಿದ್ದರು. ಐವತ್ತೆಂಟಕ್ಕೆ ಮದಾರಸಾಬನ ಕಾಲುಗಳು ಹಟ ಹಿಡಿದವು. ನೂರು ಹೆಜ್ಜೆ ಇಡುವಷ್ಟರಲ್ಲಿ ಸೊಂಟದಿಂದ ಮೀನಖಂಡದವರೆಗೆ ಸೀಸ ತುಂಬಿದಂತೆ ಭಾರ, ಆಮೇಲೆ ಜುಮುಜುಮು, ಆಮೇಲೆ ಕಾಲು ತನ್ನದಲ್ಲವೇನೋ ಎನ್ನುವಷ್ಟು ಜೋಮು. ಯಾರದಾದರೂ ಕಟ್ಟೆಯ ಮೇಲೆ ಕೂತು ಮುಂದಕ್ಕೆ ಬಾಗಿದರೆ ಎರಡು ನಿಮಿಷದಲ್ಲಿ ಎಲ್ಲ ಇಳಿಯುತ್ತಿತ್ತು. ಎದ್ದು ನಡೆದರೆ ಮತ್ತೆ ಅದೇ. ಸೈಕಲ್ಲಿನ ಹ್ಯಾಂಡಲ್ ಹಿಡಿದು ಬಗ್ಗಿ ಕೂತರೆ ಮಾತ್ರ ಎಷ್ಟು ದೂರವಾದರೂ ತುಳಿಯಬಲ್ಲವನಾಗಿದ್ದ.

ಇದು ಶಬ್ಬೀರಸಾಬನ ತಲೆಗೆ ಹೋಗಲಿಲ್ಲ. ಗಾದಿ ಹೊರುವ ಕೆಲಸವೆಲ್ಲ ಅವನ ಮೇಲೆ ಬಿದ್ದಿತ್ತು. ಮದಾರಸಾಬನ ಮಗಳು ಅಂಜುಮಳ ನಿಶ್ಚಯದ ಮಾತಿಗೆ ಗಂಗಾವತಿಯಿಂದ ಬೀಗರು ಬಂದು ಕೂತಿದ್ದ ದಿನ, ಯಾರೋ ಅಣ್ಣನ ಆರೋಗ್ಯ ವಿಚಾರಿಸಿದರು. ಶಬ್ಬೀರಸಾಬ ಚಹಾದ ಬಟ್ಟಲು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ: "ಇವಂದು ಸುಳ್ಳ ಸೊಂಟ ರೀ. ಹತ್ತು ಕಿಲೋಮೀಟರ್ ಸೈಕಲ್ ಹೊಡೀತಾನ, ಗಾದಿ ಹೊರೂ ಹೊತ್ತಿಗೆ ಕಾಲು ಜೋಮು ಹಿಡೀತಾವ."

ಬೀಗರು ನಕ್ಕರು. ಮದಾರಸಾಬ ನಗಲಿಲ್ಲ. ಅಂದಿನಿಂದ ಅವನು ತಮ್ಮನೊಂದಿಗೆ ಮಾತು ಬಿಟ್ಟ. ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಒಂದೇ ಗಾದಿಯ ಎರಡು ಬದಿ ಹೊಲಿಯುತ್ತಿದ್ದರೂ ಮುಖ ನೋಡುತ್ತಿರಲಿಲ್ಲ.

ಆರು ತಿಂಗಳು ವ್ಯಾಯಾಮ, ಗುಳಿಗೆ, ಸೊಂಟಕ್ಕೊಂದು ಇಂಜೆಕ್ಷನ್ ಎಲ್ಲ ಆಯಿತು. ನೂರು ಹೆಜ್ಜೆ ಹೋಗಿ ನಲವತ್ತಕ್ಕೆ ಇಳಿಯಿತು. ಕೊನೆಗೆ ಅವನ ಹೆಂಡತಿ ಇಮಾಮಬಾನು ಅವನನ್ನು ಬೆನ್ನುಮೂಳೆಯ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಯಲಬುರ್ಗಾ ಕಡೆಯ ಹೆಂಗಸು, ನೇರ ಮಾತು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದಳು.

"ನೋಡ್ರಿ, ಬೆನ್ನಿನ ಮಣಿ ಒಳಗ ನರ ಹೋಗೂ ಹಾದಿ ಇದು. ಮ್ಯಾಲೆಲ್ಲಾ ಅಗಲ ಐತಿ. ಇಲ್ಲಿ ನೋಡ್ರಿ, ಎಲುಬು ಬೆಳದು, ಹಿಂದಿನ ಪಟ್ಟಿ ದಪ್ಪ ಆಗಿ, ಹಾದಿ ಮುಚ್ಚಿಕೊಂಡು ಬಂದೈತಿ. ನೀವು ನೆಟ್ಟಗ ನಿಂತ್ರ ಇನ್ನೂ ಇಕ್ಕಟ್ಟಾಗತೈತಿ. ಬಗ್ಗಿದ್ರ ಚೂರು ತೆರಕೋತೈತಿ. ಅದಕ್ಕ ನಿಮಗ ಸೈಕಲ್ ಹೊಡಿಯಾಕ ಬರತೈತಿ, ನಡಿಯಾಕ ಬರೂದಿಲ್ಲ."

ಮದಾರಸಾಬನಿಗೆ ಆದದ್ದು ಹೆದರಿಕೆಯಲ್ಲ, ಕುದಿಯುವ ಸಂತೋಷ. "ಇದನ್ನ ಒಂದು ಕಾಗದದ ಮ್ಯಾಲೆ ಬರದು ಕೊಡ್ರಿ," ಎಂದ. "ನನ್ನ ತಮ್ಮನ ಮಾರಿ ಮ್ಯಾಲೆ ಒಗೀಬೇಕು."

"ಮೊದಲು ನೀವು ಕೇಳ್ರಿ," ಎಂದಳು ಡಾಕ್ಟರು. "ನರದ ಮ್ಯಾಲೆ ಕುಂತಿರೂ ಎಲುಬು, ಪಟ್ಟಿ ಕೆತ್ತಿ ತೆಗೀತೀವಿ. ಕಾಲಿನ ನೋವು, ನಡಿಗಿ ಸುಧಾರಿಸೂ ಆಸೆ ಛಲೋ ಐತಿ. ಸೊಂಟದ ನೋವು ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ಲ. ಅಂಗಾಲಿನ ಜೋಮು ಉಳೀಬಹುದು. ನರದ ಚೀಲಕ್ಕ ತೂತು ಬೀಳೂದು, ಕೀವು ಆಗೂದು, ರಕ್ತ ಹೆಪ್ಪುಗಟ್ಟೂದು, ಇವೂ ಒಮ್ಮೊಮ್ಮೆ ಆಗತಾವ. ವಿಚಾರ ಮಾಡಿ ಬರ್ರಿ. ಆದ್ರ ಒಂದು ಮಾತು. ಉಚ್ಚಿ ಹಿಡಕೊಳ್ಳಾಕ ಆಗಲಿಲ್ಲಂದ್ರ, ಕುಂಡಿ ಸುತ್ತ ಸ್ಪರ್ಶ ಹೋತಂದ್ರ, ವಿಚಾರ ಮಾಡ್ಕೋತ ಕುಂದ್ರಬ್ಯಾಡ್ರಿ. ಆ ಗಳಿಗೀಗೇ ಬರ್ರಿ."

ವಿಚಾರ ಮಾಡಲು ಅವನಿಗೆ ಏನೂ ಉಳಿದಿರಲಿಲ್ಲ. ಮನೆಗೆ ಬಂದು ಹಟ ಹಿಡಿದ: ಆಪರೇಶನ್ನಿಗೆ ಮುಂಚಿನ ತಪಾಸಣೆಯ ದಿನ ಶಬ್ಬೀರ ಬರಬೇಕು, ಡಾಕ್ಟರ ಬಾಯಿಂದಲೇ ಕೇಳಬೇಕು.

"ಆಪರೇಶನ್ ನಿಮಗೋ ಶಬ್ಬೀರಗೋ?" ಎಂದಳು ಇಮಾಮಬಾನು.

"ಇಬ್ಬರಿಗೂ."

ಅವಳು ಹೋಗಿ ಮೈದುನನನ್ನು ಕರೆದಳು. ಅವನು ಬಂದ, ಆದರೆ ಬಂದ ರೀತಿಯೇ ಬೇರೆ, ಪೊಲೀಸರು ಕರೆಸಿದಂತೆ. ಡಾಕ್ಟರು ಅವನಿಗೂ ಹಾಳೆ ತೋರಿಸಿದಳು. ಅವನು ಕೈಕಟ್ಟಿಕೊಂಡು ಕೇಳಿದ. ಮದಾರಸಾಬ ತಮ್ಮನ ಮುಖವನ್ನೇ ನೋಡುತ್ತ ಕೂತಿದ್ದ. ಅಲ್ಲಿ ಸೋಲು ಕಾಣಲಿಲ್ಲ.

ಅಷ್ಟರಲ್ಲಿ ನರ್ಸು ಹಾಳೆ ಹಿಡಿದು ಪ್ರಶ್ನೆ ಶುರುಮಾಡಿದಳು. "ಬೀಡಿ ಸೇದ್ತೀರಿ?"

"ಬಿಟ್ಟೇನಿ."

"ಬೇರೆ ಗುಳಿಗಿ ಏನರ ತಗೋತೀರಿ?"

"ಬೀಪಿದೊಂದು. ಮತ್ತ ಏನಿಲ್ಲ."

"ಸುಳ್ಳ," ಎಂದ ಶಬ್ಬೀರಸಾಬ. ಮಾತು ಬಿಟ್ಟ ಮೇಲೆ ಅಣ್ಣನ ಎದುರಿಗೆ ಅವನು ಆಡಿದ ಮೊದಲ ಮಾತು ಅದು. "ಮೂರು ವರ್ಷದ ಹಿಂದ ಎದಿ ಹಿಡಕೊಂಡು ಬಿದ್ದಿದ್ದ. ನಾನ ಹೊತ್ಕೊಂಡು ದವಾಖಾನಿಗೆ ಒಯ್ದೆ. ಅಂದಿನಿಂದ ರಕ್ತ ತೆಳ್ಳಗಾಗೂ ಗುಳಿಗಿ ಎರಡು ನುಂಗತಾನ. ಇವತ್ತು ಮುಂಜಾನೇನೂ ನುಂಗಿರತಾನ. ಬೀಡಿನೂ ಬಿಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಖರೆ ಏನ್ರಿ?"

ಖರೆಯೇ. ಎದೆಬೇನೆ ಇದ್ದವರಿಗೆ ಬೆನ್ನಿನ ಆಪರೇಶನ್ ಮಾಡುವುದಿಲ್ಲವೆಂದು ಯಾರೋ ಹೇಳಿದ್ದನ್ನು ಮದಾರಸಾಬ ನಂಬಿದ್ದ. ಡಾಕ್ಟರು ವಾಪಸು ಕಳಿಸಿದರೆ ಶಬ್ಬೀರ ಊರೆಲ್ಲ ನಗುತ್ತಾನೆಂದು ಹೆದರಿದ್ದ. ಡಾಕ್ಟರಿಗೆ ಮೊದಲೇ ಹೇಳಿದ್ದೇನೆ ಎಂದು ಹೆಂಡತಿಗೂ ಸುಳ್ಳು ಬಿಟ್ಟಿದ್ದ.

"ನಿಮಗ ಅಕಲ್ ಐತೇನ್ರಿ?" ಡಾಕ್ಟರ ದನಿ ಏರಿತು. "ಆ ಗುಳಿಗಿ ಮ್ಯಾಲೆ ನಾ ಕೊಯ್ದಿದ್ರ ರಕ್ತ ನಿಲ್ಲೂದು ಕಷ್ಟ. ಒಳಗ ನಿಂತು ಹೆಪ್ಪುಗಟ್ಟಿ ನರಾನ ಒತ್ತಿದ್ರ ಎರಡೂ ಕಾಲು ಹೋಗತಿದ್ದುವು. ಹಂಗಂತ ನೀವಾಗೇ ಬಿಟ್ರ ಎದಿಗೆ ಅಪಾಯ. ಹೃದಯದ ಡಾಕ್ಟರನ್ನ ಕೇಳ್ತೀನಿ. ಯಾವ ಗುಳಿಗಿ, ಯಾವತ್ತು ಬಿಡಬೇಕಂತ ಅವರು ಹೇಳ್ತಾರ. ಆಪರೇಶನ್ ಮುಂದಕ್ಕ."

ಹೊರಗೆ ಬಂದವನೇ ಮದಾರಸಾಬ ಗೋಡೆ ಹಿಡಿದು ನಿಂತು ತಮ್ಮನ ಮೇಲೆ ಹರಿಹಾಯ್ದ. "ಬೇಕಂತ ನಿಲ್ಲಿಸಿದಿ. ನಾ ನಡಿಯೂದು ನಿನಗ ಬ್ಯಾಡಾಗೇತಿ."

"ಆಪರೇಶನ್ ನಿಲ್ಲಿಸಾಕ ಹೇಳಲಿಲ್ಲ."

"ಮತ್ತ ನನ್ನ ಜೀವ ಉಳಿಸಾಕ ಹೇಳಿದೇನು?"

"ಅದಕ್ಕೂ ಅಲ್ಲ," ಎಂದ ಶಬ್ಬೀರಸಾಬ. "ನೀ ಸುಳ್ಳ ಹೇಳತಿ ಅಂತ ತೋರ್ಸಾಕ ಹೇಳಿದೆ." ಹೇಳಿ ತಿರುಗಿ ನೋಡದೆ ಹೋದ.

ಮುಂದಿನ ದಿನಗಳು ಮನೆಯವರಿಗೆಲ್ಲ ಬೆಂಕಿಯ ಮೇಲಿನ ಬಾಳು. ಗುಳಿಗೆ ಮುಚ್ಚಿಟ್ಟ ವಿಷಯ ತಿಳಿದ ಮೇಲೆ ಇಮಾಮಬಾನು ಗಂಡನಿಗೆ ಊಟಕ್ಕೆ ಹಾಕಿ ಎದ್ದುಹೋಗುತ್ತಿದ್ದಳು. ಅಂಜುಮ ಅಪ್ಪನ ಬೀಡಿಕಟ್ಟನ್ನು ಅವನೆದುರೇ ಒಲೆಗೆ ಹಾಕಿದಳು. "ಬೀಡಿ ಸೇದಿದ್ರ ಗಾಯ ಮಾಯೂದಿಲ್ಲಂತ," ಎಂದಳು. ಅವನು ಬೈದ, ಅವಳೂ ಬೈದಳು. ಬಗ್ಗುವುದು, ಹೊರಳಾಡುವುದು, ಭಾರ ಎತ್ತುವುದು ಆಪರೇಶನ್ ಆದಮೇಲೆ ಕೂಡದೆಂದು ನರ್ಸು ಹೇಳಿದ್ದರಿಂದ ಅವನ ಚೊಂಬು, ಟವೆಲು, ಚಾರ್ಜರು ಎಲ್ಲವನ್ನೂ ಅಂಜುಮ ಸೊಂಟದ ಎತ್ತರದ ಹಲಗೆಗೆ ಸಾಗಿಸಿದಳು. ಪಾಯಖಾನೆಗೆ ಕುರ್ಚಿ ತಂದಿಟ್ಟಳು. ಕಾಲಿಗೆ ತೊಡರುವ ಚಾಪೆಗಳನ್ನು ಸುತ್ತಿಟ್ಟಳು. ಮೂವತ್ತು ವರ್ಷ ಊರಿಗೆಲ್ಲ ಮೆತ್ತನೆಯ ಗಾದಿ ಹೊಲಿದವನ ಮಂಚಕ್ಕೆ ಒಳಗೆ ಕುಸಿಯದ ಗಟ್ಟಿ ಗಾದಿ ಬಿತ್ತು. ಅದರ ಮೇಲೆ ಅವನು ಭುಜ, ಸೊಂಟ, ಮೊಣಕಾಲು ಒಟ್ಟಿಗೆ ತಿರುಗಿಸಿ ಮಗ್ಗುಲಾಗಿ, ಕೈಯೂರಿ ಏಳುವುದನ್ನು ರೂಢಿಮಾಡಿದ. ಪ್ರತಿ ಸಲ ತಮ್ಮನಿಗೆ ಶಾಪ ಹಾಕುತ್ತಲೇ ಎದ್ದ.

ಹೃದಯದ ಡಾಕ್ಟರು ಹೇಳಿದ ದಿನ, ಹೇಳಿದ ಗುಳಿಗೆಯನ್ನಷ್ಟೇ ಬಿಟ್ಟ. ಆಪರೇಶನ್ನಿನ ಬೆಳಗ್ಗೆ ಹೊಟ್ಟೆ ಖಾಲಿ, ಸ್ನಾನ ಆಗಿತ್ತು. ಒಳಗೆ ಒಯ್ಯುವಾಗ ಅವನು ಬಾಗಿಲತ್ತ ನೋಡಿದ; ಶಬ್ಬೀರಸಾಬ ಬಂದಿರಲಿಲ್ಲ. ಬರದಿದ್ದದ್ದೇ ಒಳ್ಳೆಯದೆಂದುಕೊಂಡ. ಬೋರಲು ಮಲಗಿಸುತ್ತಾರೆಂದು ಹೇಳಿದ್ದರು, ಅದ್ಯಾವುದೂ ಅವನಿಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಎರಡು ತಾಸು ದಾಟಿತ್ತು, ಸೊಂಟದಲ್ಲಿ ಕೆಂಡ ಇಟ್ಟಂತಿತ್ತು. "ಕಾಲು ಅಲ್ಲಾಡಿಸ್ರಿ," ಎಂದಳು ಡಾಕ್ಟರು. ಎರಡೂ ಅಲ್ಲಾಡಿದವು.

ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಹೊಲಿಗೆ ಜಗ್ಗುತ್ತಿತ್ತು, ಅಂಗಾಲು ಇನ್ನೂ ಜೋಮು. ನರ್ಸಿನ ಕೈಹಿಡಿದು ವಾರ್ಡಿನ ಉದ್ದ ಹೋದ, ಬಂದ, ಮತ್ತೆ ಹೋದ. ಕಾಲಿಗೆ ಆ ಸೀಸದ ಭಾರ ಬರಲೇ ಇಲ್ಲ. ಇಮಾಮಬಾನು ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡಳು. ಗಂಡ ಹತ್ತಿರ ಬಂದಾಗ ಮಾತ್ರ, "ಗುಳಿಗಿ ವಿಷಯ ನಾ ಇನ್ನೂ ಮರ್ತಿಲ್ಲ," ಎಂದಳು.

ಆರು ವಾರಕ್ಕೆ ಮದಾರಸಾಬ ಒಬ್ಬನೇ ನಡೆದು ಅಂಗಡಿಗೆ ಹೋದ. ಇರಕಲ್ಲಗಡದ ಯಮನೂರಪ್ಪ ಎಂಬ ಗಿರಾಕಿ ಎರಡು ಗಾದಿಗೆ ಕಾಯುತ್ತ ಕೂತಿದ್ದ.

"ನಡಕೊಂಡು ಬಂದೇನಿ," ಎಂದ ಮದಾರಸಾಬ ತಮ್ಮನಿಗೆ. "ಬೀಗರ ಮುಂದ ಆಡಿದ ಮಾತು ಬೀಗರ ಮುಂದನಾ ವಾಪಸ್ ತಗೋ."

ಶಬ್ಬೀರಸಾಬ ದಬ್ಬಣವನ್ನು ಗಾದಿಗೆ ಚುಚ್ಚಿಟ್ಟು ಫೋನ್ ತೆಗೆದ. ಗಂಗಾವತಿಗೆ ಹಚ್ಚಿ ಸ್ಪೀಕರ್ ಹಾಕಿದ. "ಬೀಗರ, ಅವತ್ತು ನಾ ಅಣ್ಣಂದು ಸುಳ್ಳ ಸೊಂಟ ಅಂದಿದ್ದೆ. ನಂದ ತಪ್ಪು. ಬ್ಯಾನಿ ಖರೆ ಇತ್ತು, ಡಾಕ್ಟರು ತೋರ್ಸ್ಯಾರ."

ಮದಾರಸಾಬನ ಎದೆ ಉಬ್ಬಿತು. ಶಬ್ಬೀರಸಾಬ ನಿಲ್ಲಿಸಲಿಲ್ಲ. "ಗುಳಿಗಿ ಮುಚ್ಚಿಟ್ಟು ಡಾಕ್ಟರಿಗೆ ಸುಳ್ಳ ಹೇಳಿದ್ದ. ಎರಡೂ ಕಾಲು ಕಳಕೊಳ್ಳಾಕ ಹತ್ತಿದ್ದ. ಅದೂ ಖರೆ. ಒಂದು ಹೇಳಿ ಒಂದು ಬಿಡೂ ಮನಷ್ಯಾ ನಾ ಅಲ್ಲ."

ಆ ಕಡೆಯವರು "ಆತ ಬಿಡ್ರಿ, ಈಗ ಆರಾಮ ಅದಾರಲ್ಲ," ಎಂದು ಫೋನಿಟ್ಟರು. ಯಮನೂರಪ್ಪ ಬೀದಿಯ ಕಡೆ ನೋಡತೊಡಗಿದ.

ಮದಾರಸಾಬನ ಕಿವಿಗಳು ಸುಡುತ್ತಿದ್ದವು. ಕೇಳಿದ್ದು ಸಿಕ್ಕಿತ್ತು, ಜೊತೆಗೆ ಕೇಳದ್ದೂ ಸಿಕ್ಕಿತ್ತು. ಬೈಯಲು ಬಾಯಿ ತೆರೆದ. ಆದರೆ ತಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಸುತ್ತಿಟ್ಟ ಗಾದಿಯ ಕಡೆ ಕೈ ಚಾಚಿದ.

"ಮುಟ್ಟಬ್ಯಾಡ," ಎಂದು ಗದರಿದ ಶಬ್ಬೀರಸಾಬ. "ನಾಳೆ ಸೊಂಟ ಕೆಟ್ರ ನನ್ನ ಹೆಸರು ಹೇಳ್ತಿ." ಎರಡೂ ಗಾದಿಯನ್ನು ತಾನೇ ಹೆಗಲಿಗೇರಿಸಿ, ಅಣ್ಣನನ್ನು ಮೊಣಕೈಯಿಂದ ಬದಿಗೆ ಸರಿಸಿ ಗಾಡಿಯತ್ತ ನಡೆದ. ಮದಾರಸಾಬ ಅವನ ಬೆನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ತಮ್ಮ ಅರ್ಧ ಹೊಲಿದು ಬಿಟ್ಟಿದ್ದ ಗಾದಿಯ ಮುಂದೆ ಕುರ್ಚಿ ಎಳೆದುಕೊಂಡು, ಹಲ್ಲು ಕಚ್ಚಿ, ದಬ್ಬಣ ಕಿತ್ತು ಕೈಗೆತ್ತಿಕೊಂಡ.