ಹೆಬ್ಬೆರಳ ತೂತಿನ ಮೇಲೆ ಎಣ್ಣೆಗೆರೆ

ಟಕ್ ಟಕ್ ಟಕ್, ನನ್ನ ಕಟ್ಟಿಸಿದ ಹಲ್ಲು ಸಡಿಲವಾದಾಗ ಬರುವ ಸದ್ದು, ಬಾಯಿ ಮುಟ್ಟಿ ನೋಡಿಕೊಂಡೆ, ಹಲ್ಲಲ್ಲ, ಹೊಸ ಬೌಲಿಂಗ್ ಚೆಂಡು, ತೂತಿಗೆ ಬೆರಳು ತೂರಿಸಿ ಹಿಡಿದು ಉರುಳಿಸುವಂಥದು, ಹಲಗೆಯ ಹಾದಿಯುದ್ದಕ್ಕೂ ಎಣ್ಣೆ ಬಳಿದಿದ್ದಾರೆ, ಅಷ್ಟು ಎಣ್ಣೆ ನನ್ನ ತಲೆಗೆ ಹಾಕಿದ್ದರೆ ಜಡೆ ಪಕ್ಕದೂರಿನ ಬೀದಿ ಗುಡಿಸುತ್ತಿತ್ತು, ಚೆಂಡು ಎಣ್ಣೆಯ ಮೇಲೆ ಜಾರಬೇಕು, ಎಣ್ಣೆ ಮುಗಿದ ಕಡೆ ನೆಲ ಕಚ್ಚಿ ಒಳಕ್ಕೆ ತಿರುಗಬೇಕು, ತವರಿನ ಬೀದಿ ಕಂಡ ಸೊಸೆಯ ಹಾಗೆ — ತಿರುಗಲಿಲ್ಲ, ನೇರ ಹೋಗಿ, ಹಾದಿಯ ತುದಿಯಲ್ಲಿ ಸೀಸೆಗಳಂತೆ ನಿಲ್ಲಿಸಿದ ಹತ್ತು ಪಿನ್ನುಗಳಲ್ಲಿ ಮೂಲೆಯದೊಂದನ್ನೇ ಕೆಡವಿತು, ಉಳಿದವು ನನ್ನ ನಾದಿನಿಯರಂತೆ ಸಾಲಾಗಿ ನಿಂತು ನೋಡುತ್ತಿವೆ. ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಹೊಸ ಚೆಂಡು ಉರುಳಿಸಿ ಒಳ್ಳೆಯದೋ ಕೆಟ್ಟದ್ದೋ ಹೇಳುವುದೇ ಅವಳ ಕೆಲಸ, ಅವಳು ಮೂಗು ಮುರಿದರೆ ಆ ಚೆಂಡು ಅಂಗಡಿಯ ಬಾಗಿಲು ಕಾಣುವುದಿಲ್ಲ, ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ನಾನು ಬಂದು, ವಾಪಸ್ಸು ಬಂದ ಚೆಂಡಿನ ಎಣ್ಣೆ ಒರೆಸಿಕೊಡುತ್ತೇನೆ, ಅಮ್ಮಾ, ಒರೆಸೋಕೆ ಮುಂಚೆ ಗೆರೆ ನೋಡು, ಹೇಳಿ ಹೇಳಿ ಕಲಿಸಿದ್ದಾಳೆ, ಉರುಳಿದ ಜಾಗದಲ್ಲಿ ಎಣ್ಣೆ ಬಳೆಯ ಹಾಗೆ ಚೆಂಡನ್ನು ಸುತ್ತಿರುತ್ತದೆ, ಕೈ ಸರಿಯಾಗಿ ಬಿಟ್ಟಿದ್ದರೆ ಬೆರಳ ತೂತುಗಳಿಂದ ದೂರ, ಈಗ ನೋಡಿದರೆ ಹೆಬ್ಬೆರಳ ತೂತಿನ ಮೇಲೇ ಹಾದಿದೆ, ತೂತು ನೆಲ ತಟ್ಟಿದಾಗಲೆಲ್ಲ ಸದ್ದು, ಅದಕ್ಕೇ ಟಕ್ ಟಕ್.

ಏನಪ್ಪಾ ಬೈರಿಗೆ, ತೂತು ಎಲ್ಲಿ ಕೊರೆದಿದೀಯ, ಕಣ್ಣು ಮನೇಲಿ ಬಿಟ್ಟು ಬಂದ್ಯಾ, ಮಗಳು ತೂತು ಕೊರೆಯುವವನ ಮೇಲೆ ಹರಿಹಾಯ್ದಳು, ಅಕ್ಕಾ, ನಿಮ್ಮ ಹಳೇ ಚೆಂಡಿನ ಅಳತೆನೇ ಇದು, ಕೂದಲೆಳೆ ಆಚೀಚೆ ಆಗಿಲ್ಲ, ಹಾಗಾದ್ರೆ ಚೆಂಡೇ ದಂಡ, ಹಾಗಂತಲೇ ಹೇಳ್ತೀನಿ — ಸೂಜಿಗೆ ಕಣ್ಣೇ ಸರಿಯಿಲ್ಲ ಕಣೇ, ಇದು ಯಾರ ದನಿ, ಇವರದು, ಇವಳಪ್ಪನದು, ನಮ್ಮ ದರ್ಜಿ ಮಹಾರಾಯರದು, ಬೆಕ್ಕಿಗೂ ಕಣ್ಣು ಕಾಣದ ಕತ್ತಲಲ್ಲಿ ದಾರ ಪೋಣಿಸುತ್ತಿದ್ದ ಮನುಷ್ಯ, ಒಂದು ದಿನ ದಾರ ಹೊಗಲಿಲ್ಲ, ಸೂಜಿ ಬದಲಾಯಿಸಿದರು, ದಾರ ಬದಲಾಯಿಸಿದರು, ದೀಪ ಬದಲಾಯಿಸಿದರು, ಇನ್ನು ನನ್ನನ್ನೂ ಬದಲಾಯಿಸ್ತೀರೇನೋ ಅಂದೆ, ನಕ್ಕರು, ನಗುವಾಗ ಮಡಿಲಲ್ಲಿ ಅವರ ಹೆಬ್ಬೆರಳು ತನ್ನಷ್ಟಕ್ಕೆ ಕಾಣದ ಸಾಸಿವೆಕಾಳು ಉರುಳಿಸುತ್ತಿತ್ತು, ಆಮೇಲೆ ಲೋಟ ಜಾರಿತು, ಅಂಗಿಯ ಗುಂಡಿ ಜಾರಿತು, ಕೊನೆಗೆ ತುತ್ತೂ ನಾನೇ ಇಟ್ಟೆ, ಮಗಳಿಗೆ ಅವರದೇ ಮೂಗು, ಅವರದೇ ಕೋಪ, ಅಷ್ಟು ಸಾಕು, ಇನ್ನೇನೂ ಬೇಡ.

ಹಳೇದನ್ನ ಕೊಡಮ್ಮಾ, ಅದೇ ದಾರೀಲಿ ಬಿಡ್ತೀನಿ, ಗೊತ್ತಾಗುತ್ತೆ, ಹಳೆಯ ಚೆಂಡು ಅವಳ ಕೈಗೇ ಹುಟ್ಟಿದಂಥದು, ಒಮ್ಮೆಯೂ ತೂತಿನ ಮೇಲೆ ನಡೆದದ್ದಿಲ್ಲ, ಬಿಟ್ಟಳು, ಅದೇ ಹೊತ್ತಿಗೆ ಪಕ್ಕದ ಸಾಲಿನ ಪಿನ್ನುಗಳೆಲ್ಲ ಸಿಡಿಲು ಬಡಿದಂತೆ ಉರುಳಿದವು, ಬೇರೆ ಸದ್ದು ಕೇಳಿಸಲಿಲ್ಲ, ಇದೂ ತಿರುಗಲಿಲ್ಲ ನೋಡು, ಎಣ್ಣೆನೇ ಜಾಸ್ತಿ ಹಾಕಿದಾರೆ ಅನ್ನುತ್ತ ನೀರು ಕುಡಿಯಲು ಹೋದಳು, ಚೆಂಡು ಯಂತ್ರದ ಬಾಯಿಂದ ಬಂದು ನನ್ನ ಮುಂದೆ ನಿಂತಿತು, ಹೆಬ್ಬೆರಳ ತೂತಿನ ಮೇಲೆ ಗೆರೆ — ನನಗಿಂತ ಮುಂಚೆ ನನ್ನ ಕೈ ಒರೆಸಿತು. ನೀರು ಕುಡಿದು ಬಂದವಳು, ಗೆರೆ ಎಲ್ಲಿತ್ತಮ್ಮಾ ಅಂದಳು, ಎಲ್ಲಿರುತ್ತೆ, ಇರೋ ಕಡೇನೇ, ತೂತಿಗೆ ಇಷ್ಟು ದೂರ, ಎರಡೂ ಕೈ ಅಗಲಿಸಿ ತೋರಿಸಿದೆ, ಅಷ್ಟು ದೊಡ್ಡ ಚೆಂಡು ಭೂಮಿಯ ಮೇಲೇ ಇಲ್ಲ, ನಿನ್ನ ಮಾತು ಕೇಳಿದ್ರೆ ಅಷ್ಟೇ ಅಂತ ನಕ್ಕಳು, ಬೈರಿಗೆಯವನು ತಲೆ ತಗ್ಗಿಸಿದ, ಪಾಪ, ಅವನ ತಪ್ಪೇನು, ಚೆಂಡಿನದಾದರೂ ಏನು, ಇವರ ಕೈ ನೋಡಿ, ಬೇಗ ಕರ್ಕೊಂಡು ಬರಬಾರದಿತ್ತಾ ಅಂದಿದ್ದರು ಡಾಕ್ಟರು, ನಾವು ಸೂಜಿ ಬದಲಾಯಿಸುತ್ತ ಕೂತಿದ್ದೆವು, ಹೇಳು ಮುದುಕಿ, ಊರಗಲ ಬಾಯಿ ನಿನ್ನದು, ಈಗ ಎಲ್ಲಿ ಹೋಯಿತು, ಅವಳು ಮತ್ತೆ ಹಳೆಯದನ್ನೇ ಎತ್ತಿಕೊಂಡಳು, ಬಿಟ್ಟಳು, ಪಕ್ಕದ ಸಾಲಿನವರು ಯಾಕೆ ಸುಮ್ಮನಿದ್ದಾರೆ, ಯಾರಾದರೂ ಕೆಡವಿ, ಏನಾದರೂ ಸದ್ದು ಮಾಡಿ, ಟಕ್, ಟಕ್, ಅವಳು ತಿರುಗಿ ನೋಡಿದಳು, ಚೆಂಡನ್ನಲ್ಲ, ನನ್ನನ್ನು, ಬಟ್ಟೆ ನನ್ನ ಕೈಯಲ್ಲೇ ಇದೆ, ಚೆಂಡು ಬರುತ್ತಿದೆ, ಬಂತು, ಒರೆಸಬೇಡ ಅಮ್ಮಾ, ಗೆರೆ, ಎಣ್ಣೆಯ ಗೆರೆ, ಹೆಬ್ಬೆರಳ ತೂತಿನ ಮೇಲೆ, ತೂತಿನ ಮೇಲೆ