ಹಿಂದಿನ ಚಕ್ರದ ಕಾವಲು

ನನ್ನ ತಂಗಿ ಮದುವೆಯಾದರೆ ಇವರನ್ನೇ ಎಂದು ಕರೆದುಕೊಂಡು ಬಂದ ಮನುಷ್ಯನ ಮೇಲೆ ನನಗೆ ಮೊದಲ ದಿನದಿಂದಲೂ ಅನುಮಾನ. ಕನ್ನಡಕದ ಅಂಗಡಿಯಲ್ಲಿ ಅವನಿಗೆ ಕೆಲಸ. ಬಂದವರ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿ, "ಈಗ ಹೇಗಿದೆ?" ಎಂದು ಮೆತ್ತಗೆ ಕೇಳುವುದು. ಅಷ್ಟು ಮೆತ್ತಗೆ ಮಾತಾಡುವವನು ಏನನ್ನೋ ಮುಚ್ಚಿಟ್ಟಿರಲೇಬೇಕು ಎಂದು ನನಗೆ ಅನ್ನಿಸಿತು. ಬೆರಳುಗಳಂತೂ ಹತ್ತಿಯಂತಿದ್ದವು.

ನನ್ನದು ಬೀಗದ ಅಂಗಡಿ. ಕೀಲಿಕೈ ಕಳೆದುಹೋಯಿತು, ಬಂದು ಬಾಗಿಲು ತೆಗೆದುಕೊಡಿ ಎಂದು ದಿನಕ್ಕೊಬ್ಬರಾದರೂ ಕರೆಯುತ್ತಾರೆ. ಸ್ವಂತ ಮನೆಯ ಮುಂದೆ ನಿಂತವನಾದರೂ ಪಕ್ಕದ ಮನೆಯವರು ಹೌದೆಂದ ಮೇಲೆಯೇ ನಾನು ಬೀಗಕ್ಕೆ ಕೈ ಹಾಕುವುದು. ಒಮ್ಮೆ ಒಬ್ಬ ಹೊಸ ಮದುಮಗನನ್ನು ಅವನ ಅತ್ತೆ ಬಂದು ಗುರುತಿಸುವ ತನಕ ಮೆಟ್ಟಿಲ ಮೇಲೆ ಕೂರಿಸಿದ್ದೆ. ಅತ್ತೆ ಬಂದವರು ಅಳಿಯನನ್ನು ಬಿಟ್ಟು ನನ್ನನ್ನು ಬೈದರು. ಬೈಯಲಿ. ನನ್ನ ಕೈಯಿಂದ ಇವತ್ತಿನವರೆಗೂ ಒಬ್ಬ ಕಳ್ಳನಿಗೂ ಬಾಗಿಲು ತೆರೆದಿಲ್ಲ.

ಭಾವಮೈದುನನಾಗಿ ಬರುವವನ ವಿಷಯದಲ್ಲಿ ನನ್ನದು ಒಂದೇ ಷರತ್ತಿತ್ತು. ಅರ್ಧಕ್ಕೆ ಬಿಡುವವನಾಗಿರಬಾರದು. ನಮ್ಮ ಅಪ್ಪ ಎಂಬ ಪ್ರಾಣಿ ಜೀವನದಲ್ಲಿ ಯಾವುದನ್ನೂ ಪೂರ್ತಿ ಮಾಡಿದವನಲ್ಲ. ಅಡುಗೆಮನೆಯ ಗೋಡೆಗೆ ಅರ್ಧ ಬಣ್ಣ ಬಳಿದ, ಅಮ್ಮನಿಗೆಂದು ಶುರುಮಾಡಿದ ಕಪಾಟಿಗೆ ಬಾಗಿಲು ಕೂರಿಸಲಿಲ್ಲ, ಆಮೇಲೆ ಒಂದು ಮಧ್ಯಾಹ್ನ ನಮ್ಮನ್ನೂ ನಡುನೀರಿನಲ್ಲಿ ಕೈಬಿಟ್ಟು ಹೋದ. ತಂಗಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿದವನು ನಾನು, ಪರೀಕ್ಷೆಗೆ ಎಬ್ಬಿಸಿದವನು ನಾನು. ಅವಳನ್ನು ಯಾರಿಗೋ ಒಪ್ಪಿಸಿ, ಆ ಯಾರೋ ಇನ್ನೊಂದು ಮಧ್ಯಾಹ್ನ ಎದ್ದು ಹೋದರೆ?

ನನ್ನ ಈ ಹೆದರಿಕೆ ತಂಗಿಗೂ ಗೊತ್ತಿತ್ತು. ಅದಕ್ಕೇ ಮೊದಲ ದಿನವೇ ಹೇಳಿದಳು: "ಅಣ್ಣ, ಅವರು ಅರ್ಧಕ್ಕೆ ಬಿಡೋರಲ್ಲ. ಹೋದ ವರ್ಷ ಆ ದೊಡ್ಡ ಸೈಕಲ್ ಸವಾರಿ ಇತ್ತಲ್ಲ, ಬಯಲು ದಾಟಿ ಬೆಟ್ಟ ಹತ್ತಿ ನಾನೂರು ಕಿಲೋಮೀಟರು? ಅದನ್ನ ಒಬ್ಬರೇ ಮುಗಿಸಿದಾರೆ."

ಈ ಹತ್ತಿಬೆರಳಿನವನು! ಚಹಾಕ್ಕೆಂದು ಮನೆಗೆ ಬಂದಾಗ ಕೇಳಿಯೇ ಬಿಟ್ಟೆ. "ಹೇಗಿತ್ತಪ್ಪಾ ಸವಾರಿ?"

ಅವನು ಲೋಟದೊಳಗೆ ನೋಡಿದ. "ಗಾಳಿ ಜಾಸ್ತಿ ಇತ್ತು," ಎಂದ. ಅಷ್ಟೇ. ತಂಗಿ ತಕ್ಷಣ ಬಿಸ್ಕತ್ತಿನ ತಟ್ಟೆಯನ್ನು ನನ್ನ ಮೂಗಿನ ಕೆಳಗೆ ತಂದು ಹಿಡಿದಳು.

ಅಂಥ ಸಾಹಸ ಮಾಡಿದ ಯಾವ ಗಂಡಸು ಅದರ ಬಗ್ಗೆ ಎರಡು ಗಂಟೆ ಕೊರೆಯದೆ ಬಿಡುತ್ತಾನೆ, ನೀವೇ ಹೇಳಿ? ದಾರಿಯಲ್ಲಿ ಯಾವುದೋ ಲಾರಿ ಹತ್ತಿ, ಕೊನೆಗೆ ನಾಲ್ಕು ಹೆಜ್ಜೆ ತುಳಿದು, ನನ್ನ ತಂಗಿಯ ಕಿವಿಗೆ ಹೂವಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಈ ವರ್ಷವೂ ಹೋಗುತ್ತಾನೆಂದು ಕೇಳಿದ್ದೇ ತಡ, "ನಾನೂ ಬರ್ತೀನಿ" ಎಂದೆ. ತಂಗಿಯ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

"ನೀನ್ಯಾಕಣ್ಣ?"

"ಯಾಕೆ, ನನಗೆ ಕಾಲಿಲ್ವಾ?"

ಕಾಲಿತ್ತು. ಉಪಕರಣದ ಪೆಟ್ಟಿಗೆ ಕಟ್ಟಿಕೊಂಡು ಊರೆಲ್ಲ ಸೈಕಲ್ಲಿನಲ್ಲೇ ಸುತ್ತಿದವನು ನಾನು. ಒಂದಷ್ಟು ತಿಂಗಳು ಬೆಳಗಿನ ಹೊತ್ತು ಅಭ್ಯಾಸ ಮಾಡಿದೆ. ನನಗೆ ಗೆಲ್ಲುವುದೇನೂ ಬೇಕಿರಲಿಲ್ಲ. ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಿತ್ತು. ಸಿಕ್ಕಿಬಿದ್ದರೆ ಈ ಮದುವೆ ಇಲ್ಲ.

ಆ ಸವಾರಿಗೆ ಒಂದು ಪದ್ಧತಿ ಇದೆ. ಹೊರಡುವಾಗ ಹ್ಯಾಂಡಲ್ಲಿಗೆ ನಂಬರು ಕಟ್ಟುತ್ತಾರೆ. ಆಗದು ಎನ್ನಿಸಿದವನು ಅದನ್ನು ತಾನೇ ಬಿಚ್ಚಿ, ಮುಂದಿನ ತಂಗುದಾಣದಲ್ಲಿರುವವರ ಕೈಗೆ ತಾನೇ ಕೊಡಬೇಕು. ಸುಮ್ಮನೆ ಮಾಯವಾದರೆ ಜನ ಬಯಲಿನಲ್ಲಿ ಹುಡುಕುತ್ತಾ ಅಲೆಯಬೇಕಾಗುತ್ತದೆ. ಎರಡನೆಯ ದಿನ ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು.

ಮೊದಲ ದಿನ ಹೊಲಗಳು ಮುಗಿದವು, ಮನೆಗಳು ಮುಗಿದವು, ಕೊನೆಗೆ ಮರಗಳೂ ಮುಗಿದವು. ಕಣ್ಣು ಹಾಯಿಸಿದಷ್ಟು ದೂರ ಬೂದುಬಣ್ಣದ ಬಯಲು, ಅದರ ಮಧ್ಯೆ ಗೆರೆ ಎಳೆದಂತೆ ರಸ್ತೆ. ಎದುರಿನಿಂದ ಗಾಳಿ. ನಾನು ಅವನ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು ಅಂಟಿಕೊಂಡೆ. ಕಾವಲು ಕಾಯುವವನು ಹಿಂದಿರಬೇಕು, ಮುಂದೆ ಹೋದರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ಸ್ವಲ್ಪ ಹೊತ್ತಿಗೆ ಅವನು ಬಲಮೊಣಕೈಯನ್ನು ಹೊರಕ್ಕೆ ಅಲ್ಲಾಡಿಸಿದ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಕೊನೆಗೆ ತಿರುಗಿ, "ಅಣ್ಣ, ಒಂದು ಸ್ವಲ್ಪ ಮುಂದೆ ಬರ್ತೀರಾ?" ಎಂದ.

ಓಹೋ, ಬಂತು ನೋಡಿ. ನನ್ನನ್ನು ಮುಂದೆ ಕಳಿಸಿ ಹಿಂದೆ ಇವನು ಲಾರಿಗೆ ಕೈ ತೋರಿಸಬೇಕು! "ನಾನು ಹಿಂದೇನೇ ಸರಿ," ಎಂದೆ.

"ಆಯ್ತು ಬಿಡಿ ಭಾವ," ಎಂದು ಅವನು ತಲೆ ತಗ್ಗಿಸಿದ. ನಿಶ್ಚಯವೇ ಆಗಿಲ್ಲ, ಆಗಲೇ ಭಾವನಂತೆ! ಸಂಜೆಯವರೆಗೂ ಅವನು ಮತ್ತೆ ಮೊಣಕೈ ಅಲ್ಲಾಡಿಸಲಿಲ್ಲ. ನಾನಂತೂ ಆರಾಮಾಗಿದ್ದೆ. ಈ ವಯಸ್ಸಿನಲ್ಲೂ ನನ್ನ ಕಾಲು ಎಷ್ಟು ಗಟ್ಟಿಯಿದೆ ಎಂದು ನನಗೇ ಹೆಮ್ಮೆಯಾಯಿತು. ಮುಂದಿದ್ದವನೇ ಏದುಸಿರು ಬಿಡುತ್ತಿದ್ದ. ಇಷ್ಟಕ್ಕೇ ಏದುಸಿರು ಬಿಡುವವನು ಹೋದ ವರ್ಷ ಪೂರ್ತಿ ಮುಗಿಸಿದ್ದನೇ?

ಇನ್ನೂ ಒಂದು ವಿಷಯ. ಪ್ರತಿ ತಂಗುದಾಣದಲ್ಲೂ ಅವನು ಒಂದು ಸಣ್ಣ ಚೀಲ ಹಿಡಿದು ಗೋಡೆಯ ಮರೆಗೆ ಹೋಗುತ್ತಿದ್ದ. ಬರುವಾಗ ಮುಖ ಒರೆಸಿಕೊಂಡು ನಗುತ್ತಾ ಬರುತ್ತಿದ್ದ. ಶಕ್ತಿ ಬರಿಸುವ ಮಾತ್ರೆ ನುಂಗುತ್ತಿದ್ದಾನೆ ಎಂದುಕೊಂಡೆ. ರಾತ್ರಿ ಮಲಗಲು ಒಂದು ಶಾಲೆಯ ಹಾಲ್ ಕೊಟ್ಟಿದ್ದರು. ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಾಗ ಅವನು ಫೋನ್ ಹಿಡಿದು ಹೊರಗೆ ಹೋದ. ನಾನು ಕೈ ತೊಳೆಯುವ ನೆಪದಲ್ಲಿ ಕಿಟಕಿಯ ಪಕ್ಕ ನಿಂತೆ.

"ಇಲ್ಲ ಇಲ್ಲ, ಅವರಿಗೆ ಗೊತ್ತಾಗಿಲ್ಲ," ಎನ್ನುತ್ತಿದ್ದ. "ಗೊತ್ತಾಗೋಕೆ ಬಿಡಲ್ಲ. ನೀನು ಹೆದರ್ಬೇಡ."

ಕೊನೆಗೂ ಸುಳಿವು ಸಿಕ್ಕಿತು ಎಂದು ಖುಷಿಯೇ ಆಯಿತು, ಸುಳ್ಳಾಡುವುದೇಕೆ. ಯಾರೊಂದಿಗೆ ಈ "ನೀನು"? ಈ ಗುಮ್ಮನಗುಸಕನಿಗೆ ಇನ್ನೊಂದು ಮನೆಯೂ ಇದೆಯೇ? ಆಗಲೇ ಹಿಡಿದು ಕೇಳಬೇಕೆನ್ನಿಸಿತು. ಆದರೆ ಬಾಗಿಲು ಪೂರ್ತಿ ತೆರೆದುಕೊಳ್ಳಲಿ ಎಂದು ಸುಮ್ಮನಾದೆ. ರಾತ್ರಿಯಿಡೀ ಅರ್ಧ ಕಣ್ಣು ಮುಚ್ಚಿ ಮಲಗಿದ್ದೆ. ಅವನೋ, ಮಗುವಿನಂತೆ ಗೊರಕೆ ಹೊಡೆದ.

ಮರುದಿನ ಒಣಗಿದ ಉಪ್ಪಿನ ಕೆರೆಯ ಅಂಚಿನಲ್ಲಿ ದಾರಿ. ನೆಲವೆಲ್ಲ ಬಿಳಿ, ಬಿರುಕುಬಿರುಕು. ಎಲ್ಲೋ ದೂರದಲ್ಲಿ ಕುರಿಗಳ ಒಂದು ಹಿಂಡು ಬಿಟ್ಟರೆ ಜೀವದ ಸುಳಿವಿಲ್ಲ. ಗಾಳಿ ನಿನ್ನೆಗಿಂತ ಜೋರಾಗಿತ್ತು, ಉಪ್ಪಿನ ಧೂಳು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ನನ್ನ ಕಣ್ಣು ಮಾತ್ರ ಅವನ ಹಿಂದಿನ ಚಕ್ರದ ಮೇಲೆ. ಅಷ್ಟು ದೊಡ್ಡ ಬಯಲಿನಲ್ಲಿ ನಾನು ನೋಡಿದ್ದು ಆ ಒಂದು ಟೈರನ್ನು. ಬೆಟ್ಟದ ಬುಡ ಹತ್ತಿರವಾದಂತೆ ಚಕ್ರ ಅತ್ತಿತ್ತ ಓಲಾಡತೊಡಗಿತು. ಏರುದಾರಿಯಲ್ಲಿ ಎರಡು ಸಲ ಇಳಿದು ತಳ್ಳಿದ. ನಾನೂ ಇಳಿದು ತಳ್ಳಿದೆ. ಬಿಟ್ಟು ಮುಂದೆ ಹೋಗುವಷ್ಟು ದಡ್ಡ ನಾನಲ್ಲ.

ಬೆಟ್ಟದ ನೆತ್ತಿಯಲ್ಲಿ ಕೊನೆಯ ತಂಗುದಾಣ. ಡೇರೆಯೊಳಗೆ ಒಬ್ಬ ನಿವೃತ್ತ ನರ್ಸಮ್ಮ ಇದ್ದರು, ತಾವೂ ಹಿಂದೊಮ್ಮೆ ಈ ಸವಾರಿ ಮಾಡಿದವರು. ಕನ್ನಡಕದ ಅಂಗಡಿಯವನು ಮಡಿಚುವ ಕುರ್ಚಿಯಲ್ಲಿ ಕುಸಿದ. ಚೀಲ ಬಿಚ್ಚಿದ. ಒಳಗಿದ್ದದ್ದು ನೋವಿನ ಮುಲಾಮು ಮತ್ತು ಬ್ಯಾಂಡೇಜು. ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು.

"ನಿನ್ನೆಯಿಂದ ಹೀಗಿದ್ಯಾ?" ನರ್ಸಮ್ಮ ಒತ್ತಿ ನೋಡಿದರು. ಅವನು ಹಲ್ಲು ಕಚ್ಚಿದ. "ಈ ಗಾಳೀಲಿ ಬಯಲು ಪೂರ್ತಿ ನೀವೊಬ್ಬರೇ ಮುಂದಿದ್ರಾ? ಜೊತೆಗಿದ್ದೋರು ಸರದಿ ತಗೊಳ್ಳಲಿಲ್ವಾ?"

"ಸರದಿಯಾ?" ಎಂದೆ ನಾನು.

ನರ್ಸಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಅಯ್ಯೋ ಮಹರಾಯ್ರೇ! ಮುಂದಿರೋರು ಗಾಳಿ ಸೀಳಿದ್ರೆ ಹಿಂದಿರೋರಿಗೆ ಅರ್ಧ ಶ್ರಮ ಉಳಿಯತ್ತೆ. ಅದಕ್ಕೇ ಸರದಿ ಮೇಲೆ ಮುಂದೆ ಬರೋದು. ಮೊಣಕೈ ಅಲ್ಲಾಡಿಸಿದ್ರೆ, ಸಾಕಾಯ್ತು, ನೀವು ಬನ್ನಿ ಅಂತ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಕಾಲು ಗಟ್ಟಿಯಂತೆ! ಅವನ ಬೆನ್ನಿನ ಮರೆಯಲ್ಲಿ ಎರಡು ದಿನ ಪುಕ್ಕಟೆ ಸವಾರಿ ಮಾಡಿ, ಅವನ ಮಂಡಿ ಮುರಿದಿದ್ದೆ.

"ಅಣ್ಣಂಗೆ ಗೊತ್ತಿರಲಿಲ್ಲ, ಹೊಸಬರು," ಎಂದ ಅವನು. "ಸುಸ್ತಾಗಿದಾರೆ ಅಂದ್ಕೊಂಡು ನಾನೂ ಒತ್ತಾಯ ಮಾಡ್ಲಿಲ್ಲ." ಮತ್ತೆ ಎದ್ದು ಕುಂಟುತ್ತಾ ಸೈಕಲ್ಲಿನ ಹತ್ತಿರ ಹೋಗಿ ನಂಬರನ್ನು ಬಿಚ್ಚಿದ. ತಂದು ನರ್ಸಮ್ಮನ ಕೈಗೆ ಕೊಟ್ಟ. ಮುಖದಲ್ಲಿ ಬೇಜಾರಿತ್ತು, ನಾಚಿಕೆ ಎಳ್ಳಷ್ಟೂ ಇರಲಿಲ್ಲ. "ನನ್ನ ಕೈಲಾಗಲ್ಲ. ಇಲ್ಲಿಗೇ ಸಾಕು."

"ಹೋದ ವರ್ಷಾನೂ ಇಲ್ಲೇ ಕೊಟ್ಟಿದ್ರಿ ಅಲ್ವಾ?" ನರ್ಸಮ್ಮ ನಕ್ಕರು.

"ಹೂಂ. ಇದೇ ಕುರ್ಚಿ."

ಡೇರೆಯ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಕೇಳಿದೆ: "ಹೋದ ವರ್ಷ ನೀನು ಮುಗಿಸಲಿಲ್ವಾ?"

ಅವನು ಕಣ್ಣು ಪಿಳಿಪಿಳಿ ಮಾಡಿದ. "ನಿಮಗೆ ಗೊತ್ತಲ್ವಾ ಅಣ್ಣ? ಅಣ್ಣಂಗೆ ಎಲ್ಲಾ ಹೇಳಿದೀನಿ ಅಂದಿದ್ಲಲ್ಲ ನಿಮ್ಮ ತಂಗಿ. ಅರ್ಧಕ್ಕೆ ಬಿಟ್ಟಿದ್ದು ಕೇಳಿದ್ರೆ ಅಣ್ಣಂಗೆ ಹಳೇದು ನೆನಪಾಗಿ ಬೇಜಾರಾಗತ್ತೆ, ಅವನ ಮುಂದೆ ಆ ಮಾತು ಎತ್ತಬೇಡಿ ಅಂದಿದ್ಲು." ಅಷ್ಟು ಹೇಳಿ ನನ್ನ ಮುಖ ನೋಡಿದ. ಅವನಿಗೂ ಆಗ ಅರ್ಥವಾಯಿತು. "ಹೇಳಿರಲಿಲ್ವಾ?"

"ನಿನ್ನೆ ಫೋನಿನಲ್ಲಿ ಯಾರು?"

"ಅವಳೇ. ಮಂಡಿ ನೋವು ಅಂದೆ. ಅಣ್ಣಂಗೆ ಗೊತ್ತಾಯ್ತಾ ಅಂತ ಅಳೋ ಹಾಗೆ ಕೇಳಿದ್ಲು. ಅಷ್ಟು ಯಾಕೆ ಹೆದರ್ತಾಳೆ ಅಂತ ನನಗೂ ತಿಳೀಲಿಲ್ಲ."

ನಾನು ಬದುಕಿನಲ್ಲಿ ಅನುಮಾನಿಸದೆ ಇದ್ದ ಒಬ್ಬಳೇ ಒಬ್ಬಳು ಎಂದರೆ ನನ್ನ ತಂಗಿ. ಸುಳ್ಳು ಹೇಳಿದ್ದು ಅವಳು. ಇವನು ಒಂದೇ ಒಂದು ಸುಳ್ಳನ್ನೂ ನನಗೆ ಹೇಳಿರಲಿಲ್ಲ. ಸೋತದ್ದನ್ನು ಹೀಗೆ ತಲೆಯೆತ್ತಿ ಹೇಳಿ, ನಂಬರು ಬಿಚ್ಚಿ ಕೊಡುವವನನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ನಮ್ಮ ಅಪ್ಪ ಹೋಗುವಾಗ ಯಾರಿಗೂ ಏನೂ ಹೇಳಿ ಹೋಗಿರಲಿಲ್ಲ.

ಅವನನ್ನು ವ್ಯಾನಿನಲ್ಲಿ ಮಲಗಿಸಿ ಕಳಿಸಿದರು. "ನೀವು ಮುಗಿಸಿ ಬನ್ನಿ ಅಣ್ಣ, ಇನ್ನು ಇಳಿಜಾರೇ ಜಾಸ್ತಿ," ಎಂದು ಕಿಟಕಿಯಿಂದ ಕೈ ಬೀಸಿದ. ಇಳಿಜಾರೇನೋ ಇತ್ತು, ಆಮೇಲೆ ಮತ್ತೆ ಬಯಲು. ಮುಂದೆ ಯಾರ ಬೆನ್ನೂ ಇಲ್ಲದೆ ಆ ಗಾಳಿಗೆ ಎದೆ ಕೊಟ್ಟಾಗ ನನಗೆ ಗಾಳಿ ಎಂದರೇನೆಂದು ತಿಳಿಯಿತು. ಆಳೆತ್ತರದ ಬಾಗಿಲನ್ನು ತಳ್ಳಿಕೊಂಡು ಹೋದಂತೆ. ತಂಗಿಯ ಮೇಲೆ ಕೋಪ ಬರಲಿ ಎಂದು ಕಾದೆ, ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ಬರಲಿಲ್ಲ. ಅವಳು ಅಳುವ ಹಾಗೆ ಕೇಳಿದಳು ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಕಣ್ಣಲ್ಲಿ ನೀರು ಬಂತು. ಧೂಳಿನಿಂದ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗ ಕೊನೆ ಮುಟ್ಟಿದೆ. ಯಾರೋ ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲೆ ಅವನು ಕಾಲು ನೀಡಿ ಕೂತಿದ್ದ, ಮಂಡಿಯ ಮೇಲೆ ಮಂಜುಗಡ್ಡೆಯ ಚೀಲ. ಪಕ್ಕದಲ್ಲಿ ತಂಗಿ. ನನ್ನನ್ನು ಕಂಡು ಓಡಿ ಬರುವವಳು, ಇವತ್ತು ಎದ್ದು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಅವರನ್ನ ಏನೂ ಅನ್ಬೇಡಣ್ಣ. ಸುಳ್ಳು ಹೇಳಿದ್ದು ನಾನು."

"ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ಒಪ್ತಿದ್ಯಾ?"

ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಇದೊಂದೇ ಅಲ್ಲಣ್ಣ," ಎಂದಳು. "ಗೆಳತಿ ಮನೇಲಿ ತಡ ಆದ್ರೂ, ಕ್ಲಾಸಲ್ಲಿ ಮಾರ್ಕ್ಸು ಕಮ್ಮಿ ಬಂದ್ರೂ, ನಾನು ನಿನಗೆ ನಿಜ ಹೇಳಿದ್ದೇ ಕಮ್ಮಿ. ನಿಜಾನೂ ನೀನು ತಿರುಗಿಸಿ ತಿರುಗಿಸಿ ನೋಡ್ತೀಯ. ನಿನಗೆ ಒಪ್ಪೋ ಹಾಗೆ ಒಂದು ಸುಳ್ಳು ಕೂರಿಸಿಬಿಟ್ರೆ ಮನೆ ತಣ್ಣಗಿರತ್ತೆ."

ಅವಳನ್ನು ಊರಿನ ಎಲ್ಲರಿಂದ ಕಾಪಾಡಿದೆ ಎಂದುಕೊಂಡಿದ್ದೆ. ಮನೆಯೊಳಗೆ ಅವಳು ತನ್ನನ್ನು ಕಾಪಾಡಿಕೊಂಡದ್ದು ನನ್ನಿಂದ.

"ಇವನು ಒಳ್ಳೆಯವನು," ಎಂದೆ. "ನನಗೆ ಒಪ್ಪಿಗೆ. ಮದುವೆ ಯಾವಾಗ ಅಂತ ನೀವಿಬ್ಬರೇ ಮಾತಾಡ್ಕೊಳ್ಳಿ."

ಬೆಂಚಿನ ಮೇಲಿದ್ದವನು ಮಂಜುಗಡ್ಡೆಯ ಚೀಲ ಬೀಳಿಸಿದ. ತಂಗಿ ನಗಲಿಲ್ಲ, ಅಳಲೂ ಇಲ್ಲ. ಅವಳು ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದಳು. ಮೊದಲು ಕಣ್ಣು, ಆಮೇಲೆ ತುಟಿ, ಮತ್ತೆ ಕಣ್ಣು. ಈ ಮಾತಿನ ಹಿಂದೆ ಇನ್ನೇನಿದೆ ಎಂದು ಹುಡುಕುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ.

"ನಿಜವಾಗ್ಲೂ ಹೇಳ್ತಿದೀಯಾ?" ಎಂದಳು.

"ನಿಜವಾಗ್ಲೂ," ಎಂದೆ.

ಅವಳು ಇನ್ನೂ ನೋಡುತ್ತಲೇ ಇದ್ದಳು.